ಬಿಳಿನಾಲಿಗೆ ಮತ್ತು ಅರವತ್ತನಾಲ್ಕು ಬೀದಿಯ ಪಟ್ಟಣ

ನಕ್ಷತ್ರಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಒಂದು ರಾಜ್ಯವಿತ್ತು. ಎಷ್ಟು ದೊಡ್ಡದು ಅಂದರೆ, ಈ ತುದಿಯಲ್ಲಿ ಹಾರಿದ ಹದ್ದು ಆ ತುದಿ ಮುಟ್ಟುವಷ್ಟರಲ್ಲಿ ಮುದಿಯಾಗಿ, ತನ್ನ ರೆಕ್ಕೆಯನ್ನು ಮೊಮ್ಮಗನಿಗೆ ಕೊಟ್ಟು ಸಾಯುತ್ತಿತ್ತು. ನಂಬದವರು ಈಗಲೇ ಎದ್ದು ಹೋಗಬಹುದು. ನಾನು ಅಕ್ಷರ ಕಲಿತವನಲ್ಲ, ಆದರೆ ಈ ಕತೆಯನ್ನು ನನ್ನಷ್ಟು ಸರಿಯಾಗಿ ಬಲ್ಲವನು ನಲವತ್ತು ಹಳ್ಳಿಯಲ್ಲಿ ಇನ್ನೊಬ್ಬನಿಲ್ಲ.

ಆ ರಾಜ್ಯದಲ್ಲಿ ಎಲ್ಲ ಇತ್ತು, ನೀರೊಂದು ಇರಲಿಲ್ಲ. ವರ್ಷಕ್ಕೆ ಮೂರೇ ಮಳೆ. ಒಂದು ಧೂಳು ಅಡಗಿಸಲು, ಒಂದು ಬಿತ್ತಲು, ಮೂರನೆಯದು ಬಂದಿತ್ತು ಎಂದು ಮಾತಾಡಿಕೊಳ್ಳಲು. ಅದಕ್ಕೇ ಅಲ್ಲಿಯ ಜನಕ್ಕೆ ನೀರೆಂದರೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ಮುಖ ತೊಳೆದರೆ ಬದನೆ ಗಿಡದ ಬುಡದಲ್ಲೇ ತೊಳೆಯಬೇಕು. ಹೊಲದ ಸುತ್ತ ಮಣ್ಣಿನ ಬದು ಏರಿಸಿ, ಬಿದ್ದ ಹನಿ ಬಿದ್ದಲ್ಲೇ ಇರುವಂತೆ ನೋಡಿಕೊಳ್ಳಬೇಕು. ಮದುವೆಯಲ್ಲಿ ಗಂಡು ಹೆಣ್ಣು ಬದುವಿನ ಮೇಲೆ ಕೈಹಿಡಿದು ನಿಂತು, ‘ನಮ್ಮ ಬದು ದಾಟಿ ಹನಿ ನೀರು ಹೋಗಗೊಡುವುದಿಲ್ಲ’ ಎಂದು ಆಣೆ ಇಡುತ್ತಿದ್ದರು. ಈ ಆಣೆ ಆದಮೇಲೆಯೇ ತಾಳಿ.

ಆ ರಾಜ್ಯಕ್ಕೆ ಜಯಕೇತು ಎಂಬವನು ಅರಸ. ಅವನಿಗೆ ಒಂದೇ ಹಂಬಲ: ತಾನೇ ತಾನಾಗಿ ಬೆಳೆಯುವ ಒಂದು ಪಟ್ಟಣ ಬೇಕು. ಒಂದು ದಿನ ಸೂತ್ರಜಟಿ ಎಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನ ತಲೆಯ ಮೇಲಿದ್ದದ್ದು ಕೂದಲಲ್ಲ, ಸುತ್ತಿ ಸುತ್ತಿ ಇಟ್ಟ ದಾರ. ಅದರ ಒಂದು ಎಳೆ ಬಿಚ್ಚಿ ಬಯಲಿಗೆ ಎಸೆದ. ದಾರ ಹಾವಿನಂತೆ ಓಡಿತು. ಓಡಿದಲ್ಲೆಲ್ಲ ಬೀದಿ ಎದ್ದಿತು, ಬೀದಿಯ ಎರಡೂ ಕಡೆ ಮನೆ ಎದ್ದವು. ಅಡ್ಡ ಎಂಟು, ಉದ್ದ ಎಂಟು, ಚದುರಂಗದ ಹಾಸಿನಂತೆ ಅರವತ್ತನಾಲ್ಕು ಚೌಕ, ಒಂದೊಂದು ಚೌಕಕ್ಕೂ ಒಂದೊಂದು ಬೀದಿ. ಅದಕ್ಕೆ ಚೌಕಪುರ ಎಂದು ಹೆಸರಾಯಿತು. ಆಮೇಲೆ ಮಾಂತ್ರಿಕ ಏಳುಹೆಡೆ ಬೆಟ್ಟಕ್ಕೆ ಹೋಗಿ, ಅಲ್ಲಿಯ ನದಿಯನ್ನು ಬೆರಳಿನಿಂದ ಕೊಂಕಿಸಿ, ಏಳು ಆನೆ ಅಗಲದ ಕಾಲುವೆಯನ್ನು ಪಟ್ಟಣಕ್ಕೆ ಕರೆತಂದ.

ಇಷ್ಟಾದ ಮೇಲೆ ಸೂತ್ರಜಟಿ ಅರಸನ ಮುಂದೆ ನಿಂತು ಹೇಳಿದ: “ಮಹಾರಾಜ, ಊರು ಅಂದರೆ ಒಂದು ಪ್ರಾಣಿ. ಬಾಯಿ ಇಟ್ಟಿದ್ದೇನೆ, ಹಿಂದೆಯೂ ಒಂದು ದಾರಿ ಬೇಕು. ತಗ್ಗಿನ ಒಂಬತ್ತು ಬೀದಿ ಖಾಲಿ ಬಿಡಿ. ಅಲ್ಲಿಂದ ಒಂದು ಬಸಿಗಾಲುವೆ ತೋಡಿ, ನಿಂತ ನೀರು ಆಚೆ ಹೋಗಲಿ.”

ಅರಸ ನಕ್ಕ. “ನೀರನ್ನು ಆಚೆ ಬಿಡುವುದೆ! ಈ ನಾಡಿನ ಕೂಸು ಸಹ ಅಂಥ ಮಾತು ಆಡುವುದಿಲ್ಲ.”

ಮಂತ್ರಿ ನಕ್ಕ, ಸಭೆ ನಕ್ಕಿತು. ಮಣ್ಣುಕೆಲಸ ಕೇಳಲು ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದ ಮಣ್ಣೊಡ್ಡರೂ ನಕ್ಕರು. ಸೂತ್ರಜಟಿ ಮತ್ತೊಮ್ಮೆ ಹೇಳಲಿಲ್ಲ. ಬಸಿಗಾಲುವೆಯ ದಾರಿ ತೋರಲೆಂದು ಬಿಚ್ಚಿದ್ದ ಎರಡನೆಯ ಎಳೆಯನ್ನು ಮತ್ತೆ ತಲೆಗೆ ಸುತ್ತಿಕೊಂಡು ಬೆಟ್ಟಕ್ಕೆ ಹೊರಟುಹೋದ.

ಅರಸ ಪಟ್ಟಣದ ನಾಲ್ಕೂ ಕಡೆ ಬದು ಹಾಕಿಸಿದ. ತಗ್ಗಿನ ಕಡೆಯ ಬದು ಹಾಕಿದವನು ಹುಲುಗ ಎಂಬ ಒಡ್ಡರ ತರುಣ. ಅವನ ಹಾರೆ ಎರಡಾಳು ಎತ್ತರ. ಅವನು ತುಳಿದು ಗಟ್ಟಿಮಾಡಿದ ಮಣ್ಣಿನೊಳಗೆ ಇರುವೆ ಹೊಕ್ಕರೆ ಹಲ್ಲು ಮುರಿದುಕೊಂಡು ಹೊರಬರುತ್ತಿತ್ತು. ಕೂಲಿಯ ಜೊತೆಗೆ ಅವನಿಗೆ ಅರವತ್ತನಾಲ್ಕನೆಯ ಬೀದಿಯಲ್ಲಿ, ಎಲ್ಲಕ್ಕಿಂತ ತಗ್ಗಿನಲ್ಲಿ, ಆ ಬದುವಿಗೆ ಅಂಟಿಕೊಂಡೇ ಒಂದು ಮನೆ ಸಿಕ್ಕಿತು. ಅಲ್ಲಿಗೆ ಅವನು ಅಕ್ಕನ ಮಗಳು ಗಾಳೆವ್ವನನ್ನು ಮದುವೆಯಾಗಿ ಕರೆತಂದ. ಆಣೆ ಇಟ್ಟದ್ದೂ ಅದೇ ಬದುವಿನ ಮೇಲೆ.

ಗಾಳೆವ್ವ ಬಲು ಚೂಟಿ, ಬಾಯಿ ಜೋರು. ಒಂದೇ ಕೊರತೆ, ಸಾರಿಗೆ ಉಪ್ಪು ಹಾಕುವುದು ಮರೆಯುತ್ತಿದ್ದಳು.

“ಏನ ಗಾಳಿ, ಇವತ್ತೂ ಸಪ್ಪಗ ಐತಲ್ಲ?”

“ಹಾಕೀನಿ ಮಾವ. ಮಣ್ಣು ತಿಂದು ತಿಂದು ನಿನ್ನ ನಾಲಿಗಿನ ಸತ್ತೈತಿ.”

“ನನ್ನ ನಾಲಿಗಿ ಸತ್ತರ ನಿನ್ನ ಜೋಡಿ ಜಗಳಾ ಆಡೋರು ಯಾರು?”

“ಅದಕ್ಕs ಉಣ್ಣು, ಶಕ್ತಿ ಬರ್ಲಿ,” ಅನ್ನುತ್ತಿದ್ದಳು. ಅವನು ಸಪ್ಪೆ ಸಾರನ್ನೇ ಮೂರು ಸಲ ಬಡಿಸಿಕೊಂಡು ಉಣ್ಣುತ್ತಿದ್ದ.

ಪಟ್ಟಣ ಬೆಳೆಯಿತು. ಕಬ್ಬು ತೆಂಗಿನ ಎತ್ತರ, ಭತ್ತದ ಕಾಳು ಹೆಬ್ಬೆರಳಿನಷ್ಟು. ಗಾಣ ಬಂದವು, ಮಗ್ಗ ಬಂದವು, ಬಣ್ಣ ಅದ್ದುವವರು ಬಂದರು. ಒಬ್ಬೊಬ್ಬರು ಬಂದಾಗಲೂ ಕಾಲುವೆಯ ಬಾಯಿ ಒಂದು ಮೊಳ ಅಗಲಿಸಿದರು. ಎರಡು ವರ್ಷದಲ್ಲಿ ಹಸಿವೆಂಬುದು ಹೇಗಿತ್ತೆಂದು ಜನ ಮುದುಕರನ್ನು ಕೇಳಿ ತಿಳಿಯಬೇಕಾಯಿತು.

ಮೂರನೆಯ ವರ್ಷ ತಗ್ಗಿನ ಬೀದಿಯ ಗೋಡೆಗಳು ಬುಡದಿಂದ ಬೆಳ್ಳಗಾದವು. ಜನ ಸುಣ್ಣ ಉಳಿಯಿತೆಂದು ಸಂತೋಷಪಟ್ಟರು. ಆಮೇಲೆ ಭತ್ತ ಜೊಳ್ಳಾಯಿತು, ಬಾವಿಯ ನೀರು ಬಾಯಿಗಿಡಲಾಗದಷ್ಟು ಕಟುವಾಯಿತು. ಹುಲುಗನಂಥ ಕೂಲಿಯವರು ಅಲ್ಲೇ ಉಳಿದರು, ತಗ್ಗಿನ ಉಳ್ಳವರು ಮಾತ್ರ ಎತ್ತರಕ್ಕೆ ಮನೆ ಬದಲಿಸಿದರು. ಅವರಿಗೆಂದು ಮೇಲೆ ಹೊಸ ಬೀದಿ ಎದ್ದವು, ಹೊಸ ಬೀದಿಗೆಂದು ಇನ್ನಷ್ಟು ನೀರು ಬಂತು, ಬಂದ ನೀರೆಲ್ಲ ಮತ್ತೆ ತಗ್ಗಿಗೇ ಬಂದು ನಿಂತಿತು.

“ನೋಡಿ, ಪಟ್ಟಣ ಒಂಬತ್ತು ಬೀದಿ ಬೆಳೆದಿದೆ,” ಎಂದ ಅರಸ. ಕೆಳಗೆ ಒಂಬತ್ತು ಬೀದಿ ಸತ್ತದ್ದನ್ನು ಯಾರೂ ಹೇಳಲಿಲ್ಲ.

ಒಂದು ಮುಂಜಾನೆ ಗಾಳೆವ್ವ ಅಂಗಳದಿಂದ ಕೂಗಿದಳು. “ಮಾವ, ಇಲ್ಲಿ ಬಾ. ನನ್ನ ಹಿಮ್ಮಡಿ ಬೆಳ್ಳಗಾಗೈತಿ.”

“ಮಣ್ಣು ಹತ್ತಿರಬೇಕು, ತೊಳಕೋ.”

“ತೊಳದೆ. ತೊಳದಷ್ಟೂ ಕರಗತೈತಿ.”

ಹುಲುಗ ಓಡಿಬಂದ. ಅವಳು ಹಿಮ್ಮಡಿ ಮುಟ್ಟಿದ ಬೆರಳನ್ನು ನಾಲಿಗೆಗೆ ಇಟ್ಟುಕೊಂಡು ನಕ್ಕಳು. “ಉಪ್ಪು, ಮಾವ! ಇನ್ನ ಸಾರು ಸಪ್ಪಗ ಐತಿ ಅನ್ನಂಗಿಲ್ಲ ನೀನು. ಕಾಲು ಅದ್ದಿದ್ರ ಆತು.”

ಅವನೂ ನಕ್ಕ. ಇಬ್ಬರೂ ಕೂಡಿ ನಕ್ಕದ್ದು ಅದೇ ಕೊನೆ. ಒಳಗೆ ಹೋಗೋಣವೆಂದು ಅವಳು ಕಾಲೆತ್ತಲು ನೋಡಿದರೆ ಪಾದ ಏಳಲಿಲ್ಲ. ನೆಲ ಹಿಡಿದುಕೊಂಡಿತ್ತು.

ಆ ಬಯಲಿನಲ್ಲಿ ಪಟ್ಟಣಕ್ಕೂ ಮೊದಲು ಕುರಿ ಕಾಯುತ್ತಿದ್ದ ಸಂಕವ್ವ ಎಂಬ ಮುದುಕಿ ಇದ್ದಳು. ಹುಲುಗ ಅವಳನ್ನು ಹೊತ್ತುಕೊಂಡೇ ಬಂದ. ಅವಳು ಗಾಳೆವ್ವನ ಪಾದ ನೋಡಿ, ತನ್ನ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಇದು ಬಿಳಿನಾಲಿಗಿ ಕೆಲಸ, ತಮ್ಮಾ. ಈ ನೆಲದ ಕೆಳಗ ಅದು ಮಲಗೈತಿ. ಮೈ ಎಮ್ಮಿದು, ಮಕ ಹಲ್ಲಿದು, ಗುಡ್ಡದಷ್ಟು ದೊಡ್ಡದು. ನೆಲ ಒಣಗಿದ್ರ ನಾಲಿಗಿ ಮಡಿಚಿ ನಿದ್ದಿ ಮಾಡತೈತಿ. ನೀರು ನಿಂತ್ರ ನಾಲಿಗಿ ನೆನದು ನೆನದು ಮ್ಯಾಲ ಬರತೈತಿ. ಅದು ನೆಕ್ಕಿದ್ದೆಲ್ಲ ಉಪ್ಪು. ನಮ್ಮ ಕುರಿ ಇಲ್ಲಿ ಎಂದೂ ಮಲಗತಿದ್ದಿಲ್ಲ.”

“ಮೊದಲs ಯಾಕ ಹೇಳಲಿಲ್ಲ, ಆಯಿ?”

“ಯಾರು ಕೇಳಿದ್ರು?” ಎಂದಳು ಸಂಕವ್ವ. “ಕಿತ್ತು ಎತ್ತಾಕ ಹೋಗಬ್ಯಾಡ, ಮುರೀತಾಳ. ನಿಂತ ನೀರು ಬಸಿದು ಹೋದ್ರ ಅದು ಕೆಳಗ ಇಳೀತೈತಿ. ಮೊಣಕಾಲು ಮಟ ಆಗಿರಲಿ, ಕುತ್ತಿಗಿ ಮಟ ಆಗಿರಲಿ, ಉಪ್ಪು ತಿರುಗಿ ಮಾಂಸ ಆಗತೈತಿ. ತಲಿ ಮುಳುಗಿದ್ರ ಇಲ್ಲ.”

ನೀರು ಬಸಿಯಲು ದಾರಿ ತೋರುವುದು ಮಾಂತ್ರಿಕನ ಎರಡನೆಯ ದಾರ. ಹುಲುಗ ಹಾರೆ ಹೆಗಲಿಗೇರಿಸಿದ. ಗಾಳೆವ್ವ ಒಂದು ಉದ್ದ ಕೂದಲನ್ನು ಕಿತ್ತು ಅವನ ಮುಂಗೈಗೆ ಕಟ್ಟಿದಳು. “ಇದು ಕರ್ರಗಿರೂಮಟ ನಾನು ಅದೀನಿ ಅಂತ ತಿಳಕೋ. ಹಾದ್ಯಾಗ ಯಾರಾರ ಚಲೋ ಸಾರು ಮಾಡೋಕಿ ಸಿಕ್ಕಾಳು, ಅಲ್ಲೇ ಕುಂತುಬಿಟ್ಟಿ ಮತ್ತ!”

ಹುಲುಗ ನಡೆದ. ಅವನು ಒಂದು ಹೆಜ್ಜೆ ಇಟ್ಟರೆ ಉಳಿದವರ ಹನ್ನೆರಡು ಹೆಜ್ಜೆ. ಏಳುಹೆಡೆ ಬೆಟ್ಟದ ಮೊದಲ ಕಣಿವೆಗೆ ಬಂದಾಗ ದಾರಿಯೇ ಇಲ್ಲ. ಒಬ್ಬ ರಾಕ್ಷಸಿ ಅಡ್ಡಲಾಗಿ ಕೂತಿದ್ದಳು. ಅವಳ ಹೊಟ್ಟೆ ಎರಡು ಗುಡ್ಡದ ನಡುವೆ ಸಿಕ್ಕಿಕೊಂಡಿತ್ತು.

“ನಿನ್ನ ತಿಂತೀನಿ,” ಎಂದು ಅತ್ತಳು.

“ತಿನ್ನೋರು ಅಳತಾರೇನ ಅವ್ವಾ?”

“ಸಾವಿರ ವರ್ಷದಿಂದ ತಿಂತಾ ಇದ್ದೀನಿ. ಮಾಂತ್ರಿಕನ ಊಟ ಕದ್ದೆ ಅಂತ ಅವನು ನನ್ನ ಹಿಂದಿನ ಬಾಗಿಲು ದಾರದಿಂದ ಹೊಲಿದುಬಿಟ್ಟ. ತಿಂದದ್ದೆಲ್ಲ ಒಳಗೇ ಇದೆ. ಹಸಿವು ಮಾತ್ರ ಹೋಗಿಲ್ಲ.”

ಹುಲುಗ ಗುಡ್ಡ ಸುತ್ತಿ ಹಿಂದೆ ಹೋದ, ಮೂಗು ಕಟ್ಟಿಕೊಂಡ, ಹಾರೆಯ ತುದಿಯಿಂದ ಹೊಲಿಗೆ ಕಿತ್ತ. ಆಮೇಲೆ ಏನಾಯಿತೆಂದು ಊಟಕ್ಕೆ ಕೂತವರು ಕೇಳಬಾರದು. ಅಲ್ಲೊಂದು ಹೊಸ ಬೆಟ್ಟವೇ ಎದ್ದಿತು. ಆ ಬೆಟ್ಟದಲ್ಲಿ ಬೆಳೆದ ಕುಂಬಳಕಾಯಿಯೊಳಗೆ ನಮ್ಮಜ್ಜ ಎತ್ತು ಕಟ್ಟುತ್ತಿದ್ದ, ಸುಳ್ಳಾದರೆ ನನ್ನ ಮೀಸೆ ಬೋಳಿಸಿ. ರಾಕ್ಷಸಿ ಮೊದಲ ಸಲ ನಿದ್ದೆಹೋದಳು, ದಾರಿ ಬಿಟ್ಟಳು. ಹುಲುಗ ಮುಂಗೈ ನೋಡಿಕೊಂಡ. ಕೂದಲು ಮೂರರಲ್ಲಿ ಒಂದು ಪಾಲು ಬೆಳ್ಳಗಾಗಿತ್ತು.

ಅವನು ಓಡಿದ. ಎರಡನೆಯ ಕಣಿವೆಯಲ್ಲಿ ಒಂದು ಮರಕ್ಕೂ ಎಲೆಯಿಲ್ಲ. ಅಲ್ಲಿದ್ದದ್ದು ಉಸಿರು ಎಳೆಯುವ ಹೆಬ್ಬಾವು. ಅದಕ್ಕೆ ಎಳೆಯುವುದು ಗೊತ್ತು, ಬಿಡುವುದು ಗೊತ್ತಿಲ್ಲ. ಒಂದೇ ಉಸಿರಿಗೆ ಹುಲುಗನೂ ಒಳಗೆ ಹೋದ. ಒಳಗೆ ಏಳು ಹಳ್ಳಿಯ ಜನ, ಬಂಡಿ, ಕುರಿಹಿಂಡು, ದಿಬ್ಬಣದ ಸಮೇತ ಒಂದು ಮದುವೆ. ಓಲಗದವರು ಊದುತ್ತಿದ್ದರು, ದನಿ ಹೊರಡುತ್ತಿರಲಿಲ್ಲ, ಗಾಳಿ ಅಷ್ಟು ಬಿಗಿಯಾಗಿತ್ತು. ಹುಲುಗ ಹಾರೆ ಎತ್ತಿ ಹಾವಿನ ಪಕ್ಕೆಯಲ್ಲಿ ಬಾವಿ ತೋಡಿದಂತೆ ತೋಡಿದ. ಗಾಳಿ ನುಗ್ಗಿ ಹೊರಟಿತು, ಜನ ಹತ್ತಿಯಂತೆ ಹಾರಿ ಹುಲ್ಲಿನ ಮೇಲೆ ಬಿದ್ದರು, ಹೆಬ್ಬಾವು ನಿಟ್ಟುಸಿರು ಬಿಟ್ಟು ಸಾದಾ ಹಾವಾಗಿ ಪೊದೆಗೆ ಸರಿಯಿತು.

ಮದುಮಗಳು ಬಂದು ಹುಲುಗನ ಕಾಲಿಗೆ ಬಿದ್ದಳು. “ಅಣ್ಣಾ, ಏನು ಕೊಡಲಿ ನಿಂಗ?”

“ಏನೂ ಬ್ಯಾಡ ತಂಗೀ. ಗಂಡನ ಮನ್ಯಾಗ ಸಾರಿಗೆ ಉಪ್ಪು ಮರೀಬ್ಯಾಡ,” ಎಂದು ಅವನು ಮುಂಗೈ ನೋಡಿಕೊಂಡ. ಕೂದಲು ಎರಡು ಪಾಲು ಬೆಳ್ಳಗಾಗಿತ್ತು.

ಬೆಟ್ಟದ ನೆತ್ತಿಯಲ್ಲಿ ಸೂತ್ರಜಟಿ ಬಿಸಿಲಿಗೆ ಕೂತು ದಾರದ ಸಿಕ್ಕು ಬಿಡಿಸುತ್ತಿದ್ದ. ಹುಲುಗ ಅವನ ಎದೆಗೆ ಹಾರೆ ಇಟ್ಟ.

“ನಮ್ಮ ಊರು ಹಾಳು ಮಾಡಿದಿ. ಬಿಳಿನಾಲಿಗಿ ಐತಿ ಅಂತ ಅವತ್ತs ಯಾಕ ಹೇಳಲಿಲ್ಲ?”

“ದಾರಿ ಬಿಡಿ ಎಂದಿದ್ದೆ. ನಕ್ಕರು.”

“ಅರಸ ನಕ್ಕ.”

“ನೀನೂ ನಕ್ಕೆ. ಹಿಂದಿನ ಸಾಲಿನಲ್ಲಿ, ಹಾರೆ ಹೆಗಲ ಮೇಲಿತ್ತು. ಆಮೇಲೆ ಹೋಗಿ ತಗ್ಗಿನ ಬದು ಹಾಕಿದೆ. ನಾನು ಎಷ್ಟೋ ಪಟ್ಟಣ ಎಬ್ಬಿಸಿದ್ದೇನೆ, ಅಷ್ಟು ಗಟ್ಟಿ ಬದು ಇನ್ನೆಲ್ಲೂ ನೋಡಿಲ್ಲ.”

ಹುಲುಗ ಹಾರೆ ಕೆಳಗಿಟ್ಟ. ಸೂತ್ರಜಟಿ ತಲೆಯಿಂದ ಒಂದು ಎಳೆ ಬಿಚ್ಚಿ ಕೊಟ್ಟ. “ಇದು ಇಳಿದಾರ. ನೆಲದ ಮೇಲೆ ಬಿಡು, ಎಲ್ಲಿ ನೆಲ ಅತ್ಯಂತ ತಗ್ಗೋ ಅಲ್ಲಿಗೆ ತಾನೇ ಹರಿದು ನಿಲ್ಲುತ್ತದೆ. ಅದು ನಿಂತಲ್ಲೇ ತೋಡಬೇಕು. ಪಕ್ಕಕ್ಕೆ ತೋಡಿದರೆ ನೀರು ಇಳಿಯುವುದಿಲ್ಲ. ದಾರಿಯಲ್ಲಿ ಏನಿದ್ದರೂ ಕೊಚ್ಚಿ ಹೋಗುತ್ತದೆ.”

ಹುಲುಗ ಮಣ್ಣು ಕಂಡವನು. ಚೌಕಪುರದಲ್ಲಿ ಅತ್ಯಂತ ತಗ್ಗು ಯಾವುದೆಂದು ಅವನಿಗೆ ದಾರ ಹೇಳಬೇಕಾಗಿರಲಿಲ್ಲ. “ಅದನ್ನ ಒಂದೀಟು ಬಗ್ಗಿಸಾಕ ಬರೂದಿಲ್ಲೇನು, ಸ್ವಾಮಿ? ನಾಕು ಮೊಳ?”

“ನದಿಯನ್ನು ಕೊಂಕಿಸಬಲ್ಲೆ,” ಎಂದ ಮಾಂತ್ರಿಕ. “ಇಳಿಜಾರನ್ನು ಯಾರೂ ಕೊಂಕಿಸಲಾರರು.”

ಹುಲುಗ ತಿರುಗಿ ಬಂದಾಗ ಪಟ್ಟಣದ ಅರ್ಧ ಬಿಳಿಯಾಗಿತ್ತು. ಮಗ್ಗಗಳು ಉಪ್ಪಿನ ಮಗ್ಗ, ಗಾಣಗಳು ಉಪ್ಪಿನ ಗಾಣ. ನೂರಾರು ಜನ ನಿಂತಲ್ಲೇ ನಿಂತಿದ್ದರು, ಕೆಲವರು ಮೊಣಕಾಲಿನವರೆಗೆ, ಕೆಲವರು ಎದೆಯವರೆಗೆ. ಮೂವತ್ತೆಂಟು ಮಂದಿ ತಲೆಯೂ ಮುಳುಗಿ ಪೂರಾ ಉಪ್ಪಾಗಿದ್ದರು. ಎತ್ತರದ ಬೀದಿಯಲ್ಲಿ ಮಾತ್ರ ಹೊಸ ಮನೆಗೆ ತೋರಣ ಕಟ್ಟುತ್ತಿದ್ದರು.

ಅವನು ಅರಮನೆಗೆ ಹೋಗಿ ಅಪ್ಪಣೆ ಬೇಡಿದ. “ಬದು ಒಡೀಬೇಕು, ಬುದ್ದೀ. ತಗ್ಗಿನ ಬೀದಿ ಬಿಡಬೇಕು.”

“ನನ್ನ ಪಟ್ಟಣ ಚಿಕ್ಕದಾಗುತ್ತದೆ,” ಎಂದ ಜಯಕೇತು.

“ಮಂದಿ ಸಾಯಾಕತ್ತಾರ.”

“ನೀರು ಆಚೆ ಬಿಟ್ಟ ಅರಸನೆಂದು ನಾಳೆ ಜನ ಉಗುಳುತ್ತಾರೆ.” ಅರಸ ಸಿಟ್ಟಿನಿಂದ ಏಳಲು ಹೋದ. ಏಳಲಾಗಲಿಲ್ಲ. ಸಿಂಹಾಸನದ ಕಾಲೂ ಅರಸನ ಹಿಮ್ಮಡಿಯೂ ಒಂದೇ ಬಿಳುಪಾಗಿದ್ದವು. ಬಗ್ಗಿ ಪಾದ ಮುಟ್ಟಿ, ಬೆರಳನ್ನು ನಾಲಿಗೆಗೆ ಇಟ್ಟುಕೊಂಡ. ಆಮೇಲೆ ಸಣ್ಣ ದನಿಯಲ್ಲಿ, “ಒಡೆ,” ಎಂದ.

ಅಂಗಳದಲ್ಲಿ ಗಾಳೆವ್ವ ಕುತ್ತಿಗೆಯವರೆಗೆ ಬಿಳಿಯಾಗಿ ನಿಂತಿದ್ದಳು. ಸಂಕವ್ವ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಅವಳಿಗೆ ಅಂಬಲಿ ಕುಡಿಸುತ್ತಿದ್ದಳು.

“ಬಂದ್ಯಾ ಮಾವ? ಸೊರಗೀದಿ.”

“ಬಂದೆ,” ಎಂದ ಹುಲುಗ. ಇಳಿದಾರವನ್ನು ನೆಲದ ಮೇಲೆ ಬಿಟ್ಟ. ಅದು ಬೀದಿ ದಾಟಿ, ಅಂಗಳ ಹೊಕ್ಕು, ಗಾಳೆವ್ವನ ಪಾದಕ್ಕೆ ಸುತ್ತಿಕೊಂಡು ನಿಂತಿತು.

ಹುಲುಗ ದಾರದ ಮಾತು ಕೇಳಲಿಲ್ಲ. ಮೂಡಣಕ್ಕೆ ತೋಡಿದ. ನೀರು ಅಲ್ಲಾಡಲಿಲ್ಲ. ಎರಡನೆಯ ದಿನ ಪಡುವಣಕ್ಕೆ ತೋಡಿದ, ಅಂಗೈಯ ಚರ್ಮ ಹಾರೆಗೆ ಅಂಟಿಕೊಂಡಿತು. ನೀರು ಅಲ್ಲಾಡಲಿಲ್ಲ. ಮೂರನೆಯ ದಿನ ಅವಳ ಪಾದದ ಅಡಿಯಿಂದಲೇ, ಅವಳಿಗೆ ತಾಗದಂತೆ ಸುರಂಗ ತೋಡಿದ. ಅವನೇ ತುಳಿದು ಗಟ್ಟಿಮಾಡಿದ್ದ ಮಣ್ಣು, ಹಾರೆಯ ಮೂತಿ ಮುರಿಯಿತು. ಹೊರಬಂದು ಮುಂಗೈ ನೋಡಿಕೊಂಡ. ಕೂದಲಿನಲ್ಲಿ ಕಪ್ಪು ಉಳಿದದ್ದು ಒಂದು ಉಗುರಿನಷ್ಟು. ಉಪ್ಪು ಗಾಳೆವ್ವನ ಗದ್ದಕ್ಕೆ ಬಂದಿತ್ತು. ಬೀದಿಯ ತುಂಬ ಕುತ್ತಿಗೆಮಟ ಮುಳುಗಿದವರೆಲ್ಲ ಇವನನ್ನೇ ನೋಡುತ್ತಿದ್ದರು.

“ಮಾವ, ಎಷ್ಟು ಮಂದಿ ಅದಾರ, ಇನ್ನಾ ತಲಿ ಮುಳುಗದವರು?”

“ಆರುನೂರು.”

“ಮತ್ತ ಯಾಕ ಸುತ್ತ ಸುತ್ತ ಕೆರೀತಿ, ಕೋಳಿ ಹಂಗ? ಬದು ಒಡಿ.”

“ಆಣಿ ಇಟ್ಟೇವಲ್ಲs ಗಾಳಿ, ಹನಿ ನೀರು ಹೋಗಗೊಡೂದಿಲ್ಲ ಅಂತ.”

“ಕೂಡೇ ಇಟ್ಟಿದ್ವಿ. ಕೂಡೇ ಮುರಿಯೋಣು. ಒಬ್ಬನs ಮುರದ್ರ ಪಾಪ ನಿಂಗ ಹತ್ತೀತು.” ಅವಳು ಉಸಿರು ತೆಗೆದುಕೊಂಡು ಗಟ್ಟಿಯಾಗಿ ಕೂಗಿದಳು, ಬೀದಿಗೆಲ್ಲ ಕೇಳುವಂತೆ: “ನಮ್ಮ ಬದು ದಾಟಿ ನೀರು ಹೋಗಲಿ!”

ಅವಳು ಕಾದಳು. ತುಟಿಯ ಅಂಚು ಬೆಳ್ಳಗಾಗತೊಡಗಿತು.

“ಹೋಗಲಿ,” ಎಂದ ಹುಲುಗ.

“ಊರು ತೊಳದ ನೀರು ಒಂದ ಗುಟುಕು ಕುಡದು ನೋಡು,” ಎಂದಳು. “ಈ ಸಲ ಸಪ್ಪಗ ಇರಂಗಿಲ್ಲ.”

ಅವನು ಮುರಿದ ಹಾರೆಯನ್ನು ದಾರ ನಿಂತಲ್ಲಿಯೇ ಹಾಕಿದ. ತಾನು ಕಟ್ಟಿದ ಬದುವನ್ನು ತಾನೇ ಒಡೆದ. ಮೂರು ವರ್ಷ ನಿಂತಿದ್ದ ನೀರು ಮೊದಲು ಒಂದು ಎಳೆಯಾಗಿ, ಆಮೇಲೆ ಒಂದು ತೋಳಾಗಿ, ಆಮೇಲೆ ಇಡೀ ಬೀದಿಯಷ್ಟು ಅಗಲವಾಗಿ ಹರಿಯಿತು. ಬಿಳಿನಾಲಿಗೆ ನೆಲದಡಿಯಲ್ಲಿ ಒರಲಿತು. ಅದರ ನಾಲಿಗೆಯ ಕೆಳಗಿನಿಂದ ನೀರು ಸರಿದಂತೆ ನಾಲಿಗೆ ಕುಗ್ಗಿತು, ಒಣಗಿತು, ಕೊನೆಗೆ ಮಡಿಚಿಕೊಂಡು ಪಾತಾಳಕ್ಕೆ ಇಳಿಯಿತು. ಬೀದಿ ಬೀದಿಯಲ್ಲಿ ಜನ ಕಾಲು ಕಿತ್ತು ನಡೆದರು. ಅಳುತ್ತಾ ನಗುತ್ತಾ ಒಬ್ಬರನ್ನೊಬ್ಬರು ಹಿಡಿದುಕೊಂಡರು. ಅರಸ ಸಿಂಹಾಸನದಿಂದ ಇಳಿದು ಬರಿಗಾಲಲ್ಲಿ ಓಡಿಬಂದ.

ಹುಲುಗ ಅಂಗಳದ ಕಡೆ ತಿರುಗಿ ನೋಡಿದ. ನೀರು ಹರಿಯುತ್ತಿತ್ತು. ಅಲ್ಲಿ ಬೇರೇನೂ ಇರಲಿಲ್ಲ. ಮುಂಗೈಯಲ್ಲಿ ಕೂದಲೂ ಇರಲಿಲ್ಲ, ಒದ್ದೆ ಮಾತ್ರ ಇತ್ತು.

ಆಮೇಲೆ ಚೌಕಪುರ ಸುಖವಾಗಿತ್ತು, ಅದನ್ನು ನಾನು ಮುಚ್ಚಿಡುವುದಿಲ್ಲ. ಅರಸ ತಗ್ಗಿನ ಬೀದಿಗಳನ್ನು ಬಿಟ್ಟುಕೊಟ್ಟ, ಎತ್ತರದ ಹೊಸ ಬೀದಿಗಳನ್ನೂ ಕೀಳಿಸಿದ. ಐವತ್ತೈದು ಬೀದಿ ಉಳಿದವು. ಬಸಿಗಾಲುವೆ ಎಷ್ಟು ನೀರು ಹೊರಹಾಕಬಲ್ಲುದೋ ಅಷ್ಟೇ ನೀರನ್ನು ಮೇಲಿನ ಬಾಯಲ್ಲಿ ಬಿಟ್ಟರು, ಆ ನೀರು ಸಾಲುವುದಕ್ಕಿಂತ ಹೆಚ್ಚಾಗಿ ಒಂದು ಮಗ್ಗವನ್ನೂ ಕೂರಿಸಲಿಲ್ಲ. ಭತ್ತದ ಕಾಳು ಸಾದಾ ಕಾಳಾಯಿತು. ಉಣ್ಣುವವರಿಗೆ ಸಾಕಾಗುತ್ತಿತ್ತು. ಮದುವೆಯಲ್ಲಿ ಗಂಡು ಹೆಣ್ಣು ಬಸಿಗಾಲುವೆಯ ದಂಡೆಯಲ್ಲಿ ನಿಂತು, ‘ಬಂದ ನೀರಿಗೆ ಹೋಗುವ ದಾರಿ ಬಿಡುತ್ತೇವೆ’ ಎಂದು ಆಣೆ ಇಡತೊಡಗಿದರು.

ಹುಲುಗ ಪ್ರತಿದಿನ ಮುಂಜಾನೆ ಬಸಿಗಾಲುವೆಗೆ ಇಳಿದು ಒಂದು ಬೊಗಸೆ ನೀರು ಕುಡಿಯುತ್ತಿದ್ದ. ಮೊದಲ ವರ್ಷ ಬಾಯಿ ಸುಡುವಷ್ಟು ಉಪ್ಪು. ಎರಡನೆಯ ವರ್ಷ ಸಾರಿಗೆ ಹದವಾದಷ್ಟು ಉಪ್ಪು. ಆ ವರ್ಷ ಅವನು ದಂಡೆಯ ಮೇಲೆ ಕೂತು ತನ್ನಷ್ಟಕ್ಕೇ ಮಾತಾಡುತ್ತಿದ್ದುದನ್ನು, ಒಮ್ಮೊಮ್ಮೆ ನಗುತ್ತಿದ್ದುದನ್ನು ಕಂಡವರಿದ್ದಾರೆ.

ಮೂರನೆಯ ವರ್ಷ ಒಂದು ದಿನ ಪಟ್ಟಣದಲ್ಲಿ ನಗಾರಿ ಬಾರಿಸಿದರು. ಬಸಿಗಾಲುವೆಯ ನೀರು ಸಿಹಿಯಾಗಿತ್ತು. ಹೆಂಗಸರು ಕೊಡ ತಂದರು, ದನ ಇಳಿದು ಕುಡಿದವು, ಸಂಕವ್ವನ ಕುರಿಗಳು ಮೊದಲ ಸಲ ಆ ಬಯಲಿನಲ್ಲಿ ಮಲಗಿದವು. ಎಲ್ಲರೂ ಹುಲುಗನನ್ನು ಹೆಗಲ ಮೇಲೆ ಹೊತ್ತು ಕುಣಿಯಬೇಕೆಂದು ಹುಡುಕುತ್ತಾ ಬಂದರು.

ಅವನು ಮಂಡಿಮಟ ನೀರಿನಲ್ಲಿ ನಿಂತಿದ್ದ. ಬೊಗಸೆ ತುಂಬುತ್ತಿದ್ದ, ಬಾಯಿಗಿಡುತ್ತಿದ್ದ, ಮತ್ತೆ ತುಂಬುತ್ತಿದ್ದ.

“ಸಿಹಿ ಆಗೈತಿ, ಹುಲುಗಣ್ಣ! ಸಿಹಿ ಆಗೈತಿ!” ಎಂದು ಜನ ಕೂಗಿದರು.

“ಸಪ್ಪಗ ಐತಿ,” ಎಂದ ಹುಲುಗ. ಮತ್ತೊಂದು ಬೊಗಸೆಗೆ ಬಗ್ಗಿದ.